ಬಣ್ಣವಿಲ್ಲದ ಫ್ರೇಮು

ಸ್ಟೇಷನ್ ರಸ್ತೆ, ವಿಜಯಪುರ
೧೯ ಜನವರಿ ೨೦೨೫

ತಸ್ಲೀಮ,

"ಏರಾಕೂ ಆಗಬೇಕು, ಇಳಿಯಾಕೂ ಆಗಬೇಕು" ಎಂದು ಹೊಸ ಸೈಕಲ್ಲಿನ ಬಗ್ಗೆ ನೀನು ಅಂದದ್ದಷ್ಟೇ ನನ್ನವರೆಗೆ ಬಂದಿತ್ತು. ಅದರ ಮುಂದೆ ಇನ್ನೊಂದು ಮಾತು ಹೇಳಿದ್ದೆಯಂತೆ. ಫೋನು ಹಿಡಿದಿದ್ದ ಅಮ್ಮಿ ಅದನ್ನು ಮರೆತುಬಿಟ್ಟಳು. ಸಲಾಮು ಹೇಳುವುದಕ್ಕೂ ಮೊದಲು ಇದನ್ನೇ ಬರೆಯುತ್ತಿದ್ದೇನೆ, ಬೇಸರಿಸಬೇಡ. ಎರಡು ತಿಂಗಳು ತಡಮಾಡಿದ್ದಕ್ಕೂ ಬೇಸರಿಸಬೇಡ. ಫ್ರೇಮು ಆರಿಸುವುದಕ್ಕೆ ಅಷ್ಟು ದಿನ ಹಿಡಿಯಲಿಲ್ಲ, ಈ ಕಾಗದಕ್ಕೆ ಹಿಡಿಯಿತು.

ಮನೆಯಲ್ಲಿ ನಾವು ಆಡುವುದು ಉರ್ದು. ಸೈಕಲ್ಲಿನ ವಿಷಯ ಬಂದರೆ ಮಾತ್ರ ನೀನೂ ನಾನೂ ಅಮ್ಮಿಯೂ ಕನ್ನಡಕ್ಕೆ ಹೊರಳುತ್ತಿದ್ದೆವು. ಆದ್ದರಿಂದ ಕನ್ನಡದಲ್ಲೇ ಬರೆಯುತ್ತೇನೆ.

ನಿನ್ನ ಅಗತ್ಯವನ್ನು ನಾನು ಹೀಗೆ ತಿಳಿದುಕೊಂಡೆ. ವಾರವೆಲ್ಲ ಸಂಡೂರಿನಿಂದ ಗುಡ್ಡದ ಮೇಲಿನ ಆರೋಗ್ಯ ಉಪಕೇಂದ್ರಕ್ಕೆ ಡ್ಯೂಟಿಗೆ ಏರಬೇಕು. ರವಿವಾರ ಅದೇ ಗುಡ್ಡದ ಕಲ್ಲುದಾರಿಯಲ್ಲಿ ಸುಮ್ಮನೆ ಖುಷಿಗೆ ಇಳಿಯಬೇಕು. ಬಿದ್ದ ಬೆನ್ನು ಅದು, ಪೆಟ್ಟು ತಡೆಯುವುದಿಲ್ಲ. ಹಾಗಾಗಿ ಮುಂದೆ ಹಿಂದೆ ಎರಡೂ ಕಡೆ ಪೆಟ್ಟು ಹೀರುವ ಶಾಕಪ್ ಇರುವ ಗುಡ್ಡದ ಸೈಕಲ್ಲೇ ಆಗಬೇಕು. ಹಿಂದಿನ ಗಾಲಿ ಹತ್ತು ಸೆಂಟಿಮೀಟರು ಮೇಲೆ ಕೆಳಗೆ ಆಡುವ ಫ್ರೇಮು ಏರಿಗೆ ಹಗುರ, ಆದರೆ ಇಳಿಜಾರಿನಲ್ಲಿ ಬೆನ್ನನ್ನು ಕಾಯುವುದಿಲ್ಲ. ಹದಿನಾರು ಆಡುವುದು ಇಳಿಯುವಾಗ ಹಾಸಿಗೆಯಂತೆ, ಏರುವಾಗ ಹೊರೆ. ಹದಿಮೂರರದ್ದು ಎರಡಕ್ಕೂ ಒಗ್ಗುತ್ತದೆ. ಇಷ್ಟನ್ನು ಒಂದೇ ದಿನದಲ್ಲಿ ತೀರ್ಮಾನಿಸಿದೆ.

ತಪ್ಪಿದ್ದು ಅಳತೆಯಲ್ಲಿ. ಅಂಗಡಿಯ ಗೋಡೆಯ ಮೇಲೆ ನಿನ್ನ ಹದಿನೇಳನೆಯ ವಯಸ್ಸಿನ ಅಳತೆ ಪೆನ್ಸಿಲ್ಲಿನಲ್ಲಿ ಹಾಗೇ ಇದೆ. ಬಣ್ಣ ಹೊಡೆಯುವವರಿಗೆ ಹೇಳಿ ಅಷ್ಟು ಜಾಗ ಬಿಡಿಸಿದ್ದೇನೆ. ಆಗ ನಾವು ಕಾಲಿನ ಉದ್ದ ನೋಡಿ, ಸೀಟಿನ ಕೊಳವೆಯ ಇಂಚು ಲೆಕ್ಕ ಹಾಕಿ, ಮೊಣಕೈಯನ್ನು ಸೀಟಿನ ತುದಿಗಿಟ್ಟು ಬೆರಳು ಹ್ಯಾಂಡಲ್ ಮುಟ್ಟುತ್ತದೆಯೇ ಎಂದು ನೋಡುತ್ತಿದ್ದೆವಲ್ಲ, ಅದೇ ರೀತಿ ಪುಣೆಯ ವ್ಯಾಪಾರಿಗೆ ಹೇಳಿ ತರಿಸಿದೆ. ಅದನ್ನು ಹತ್ತಿ ನೋಡಲು ಸಂಗನಬಸವನನ್ನು ಕರೆದೆ. ನಮ್ಮ ಜೊತೆ ಓಡಿಸುತ್ತಿದ್ದ ಘೋಣಸಗಿಯ ಅದೇ ಸಂಗನಬಸವ, ಈಗ ದ್ರಾಕ್ಷಿ ತೋಟ ಮಾಡಿದ್ದಾನೆ. ಎತ್ತರದಲ್ಲಿ ಅವನೂ ನೀನೂ ಒಂದೇ. ತೊರವಿಯವರೆಗೆ ಹೋಗಿ ಬಂದವನು ಇಳಿಯುವ ಮೊದಲೇ ಬೈಯತೊಡಗಿದ.

"ಲೇ ಸಾದ್ಯಾ, ಇದೇನ್ ಸಾಲಿ ಹುಡುಗರ ಸೈಕಲ್ ತರಿಸಿದ್ಯೋ? ನಿಂತು ತುಳದ್ರ ಮೊಣಕಾಲು ಹ್ಯಾಂಡಲ್‌ಗೆ ಬಡೀತಾವ. ಇಪ್ಪತ್ತು ವರ್ಷ ಅಂಗಡಿ ಇಟ್ಟಿ, ಅಳತಿ ಬರೂದಿಲ್ಲೇನ್ ನಿನಗ?"

ಅವನು ಹೇಳಿದ್ದು ಸರಿ. ಇಂಥ ಸೈಕಲ್ಲಿನಲ್ಲಿ ಇಳಿಯುವಾಗ ಕೂಡುವುದಿಲ್ಲ, ನಿಲ್ಲುತ್ತಾರೆ. ಸೀಟಿನ ಕೊಳವೆಯನ್ನು ಬೇಕೆಂದೇ ಗಿಡ್ಡ ಮಾಡಿರುತ್ತಾರೆ. ಪೆಡಲ್ ಮೇಲೆ ನಿಂತಾಗ ಕಾಲಿನಿಂದ ಹ್ಯಾಂಡಲ್‌ವರೆಗೆ ಎಷ್ಟು ಜಾಗ ಉಳಿಯುತ್ತದೆ ಎನ್ನುವುದೇ ಅಳತೆ. ವಾಪಸು ಕಳಿಸಿ ಒಂದು ಸೈಜು ದೊಡ್ಡದನ್ನು ತರಿಸಿದೆ.

ಎರಡನೆಯದನ್ನು ಟಿಕೋಟಾಕ್ಕೆ ಒಯ್ದು, ಘೋಣಸಗಿಯ ತೋಟದ ದಾರಿಯಲ್ಲಿ ಅವನನ್ನೇ ಹತ್ತಿಸಿದೆ. ಕಪ್ಪು ಮಣ್ಣು ಒಣಗಿ ಹೆಂಟೆ ಕಟ್ಟಿತ್ತು, ನಡುವೆ ಕಲ್ಲು. ನಾನು ಮೋಟಾರ್ ಸೈಕಲ್ ಮೇಲೆ ಹಿಂದಿದ್ದೆ. ಕೆಳಗೆ ಹಿಂದಿನ ಗಾಲಿ ಕುಣಿಯುತ್ತಿತ್ತು, ಮೇಲೆ ಅವನ ಬೆನ್ನು ಅಲುಗಲಿಲ್ಲ. ಅದೇ ಸಾಕು ಅನ್ನಿಸಿತು.

ಅವನಿಗೆ ಹುಮ್ಮಸ್ಸು ಬಂದು ಬಬಲೇಶ್ವರದವರೆಗೂ ಹೊಡೆದ. ಊರಿಗೆ ಮುಂಚಿನ ತಿರುವಿನಲ್ಲಿ ನಿಲ್ಲಿಸಿ, ಬೆವರು ಒರೆಸಿಕೊಂಡು ಕೇಳಿದ: "ಇಲ್ಲೇ ಅಲ್ಲೇನಲೇ, ರೇಸಿನ್ಯಾಗ ತಂಗಿ ಬಿದ್ದಿದ್ದು?"

ಹೌದೆಂದೆ.

"ಹಿಂದ ಹೊಳ್ಳಿ ನೋಡಿದ್ಳು, ಪಾಪ. ಹಿಂದ ನೋಡಬ್ಯಾಡ ಅಂತ ನಾ ಎಷ್ಟ್ ಸಲ ಹೇಳಿದ್ನಿ. ಇಲ್ಲಂದ್ರ ರಾಜ್ಯದ ಟೀಮಿನ್ಯಾಗ ಇರ್ತಿದ್ಳು ಆಕಿ."

ನಾನು ಚೈನು ನೋಡಿದೆ. ಚೈನು ಸರಿಯಾಗಿಯೇ ಇತ್ತು.

ಇನ್ನು ಫ್ರೇಮು ಯಾವುದರದ್ದು ಎನ್ನುವ ವಿಷಯ. ಕಾರ್ಬನ್ ಹಗುರ, ಆದರೆ ಒಳಗೆ ಒಡೆದರೂ ಹೊರಗೆ ತೋರಿಸದೆ ಇರಬಹುದು. ಅಲ್ಯೂಮಿನಿಯಂ ಆರಿಸಿದೆ. ಎರಡು ತರ ಸಿಗುತ್ತಿತ್ತು: ಒಂದು ಕೆಂಪು, ನಿನ್ನ ಹಳೆಯದರಂಥದೇ, ಇನ್ನೊಂದು ಬಣ್ಣವಿಲ್ಲದ ಬರಿಯ ಲೋಹ. ಬರಿಯದನ್ನೇ ಇಟ್ಟುಕೊಂಡೆ. ಅಮ್ಮಿ ಅಂಗಡಿಗೆ ಬಂದವಳು ಅದನ್ನು ಬೆರಳಿನಿಂದ ಬಾರಿಸಿ ನೋಡಿದಳು.

"ಭಾಂಡೆ-ಪಾತ್ರಿ ಅಂಗಡಿಯಿಂದ ತಂದಿಯೇನೋ? ಆಕಿಗೆ ಕೆಂಪಂದ್ರ ಜೀವ. ಹೆಣ್ಣುಮಗಳಿಗೆ ಕೊಡೂದು, ಒಂದೀಟು ಬಣ್ಣ ಹಚ್ಚಾಕ ಏನ್ ಧಾಡಿ ನಿನಗ?"

"ಇರಲಿ ಬಿಡಮ್ಮಿ, ತೊಳಿಯಾಕ ಹಗರ" ಎಂದೆ.

"ತೊಳಿಯಾಕ!" ಎಂದು ನಕ್ಕಳು. ಬಾಗಿಲವರೆಗೆ ಹೋದವಳು ಅಲ್ಲೇ ತಿರುಗಿದಳು. "ಹಾಂ, ಈಗ ನೆನಪಾತು ನೋಡು ಆಕಿ ಅಂದಿದ್ದು. 'ಭಾಯಿನ ಆರಸಲಿ, ಅವ ನೋಡಿ ಕೊಟ್ಟದ್ದಂದ್ರ ನಾ ಮತ್ತ ನೋಡೂದಿಲ್ಲ' ಅಂದ್ಳು."

ಇದು ಹೋದ ಶುಕ್ರವಾರದ ಮಾತು. ಅಂದಿನಿಂದ ಈ ಕಾಗದವನ್ನು ಮತ್ತೂ ನಾಲ್ಕು ಸಲ ಬರೆಯಲು ಕೂತೆ.

ಅಮ್ಮಿಯ ಮೊಣಕಾಲು ಹಾಗೇ ಇದೆ, ಬಾಯಿ ಅದಕ್ಕಿಂತ ಗಟ್ಟಿ ಇದೆ. ನಿನ್ನ ಭಾಬಿ ಮಿನಾಜ ಸೈಕಲ್ಲಿನ ಪೆಟ್ಟಿಗೆಯೊಳಗೇ ಕೆಂಪು ಚಟ್ನಿಯ ಡಬ್ಬಿ ಇಡುತ್ತಾಳಂತೆ, ಬೇಡವೆಂದರೆ ಕೇಳುತ್ತಿಲ್ಲ. ಗುಡ್ಡದ ದಾರಿ ನಿನಗೆ ಒಲಿಯಲಿ, ಬೆನ್ನು ಸುಮ್ಮನಿರಲಿ ಎಂದು ನಾವು ಮೂವರೂ ದುವಾ ಮಾಡುತ್ತೇವೆ.

ನಿನ್ನ ಭಾಯಿ,
ಸಾದಿಕ

ತಾ.ಕ.: ಮರೆತಿದ್ದೆ ಎಂದು ಬರೆಯಲಾರೆ, ಮರೆತಿರಲಿಲ್ಲ. ಬಬಲೇಶ್ವರದ ಓಟದ ಹಿಂದಿನ ದಿನ, ನಿನ್ನ ಕೆಂಪು ಫ್ರೇಮಿನಲ್ಲಿ, ಹ್ಯಾಂಡಲ್ ಕೆಳಗೆ ಕೊಳವೆಗಳು ಸೇರುವ ಕೂಡುಗಡೆಯ ಹತ್ತಿರ ಕೂದಲಿನಷ್ಟು ಸೀಳು ಕಂಡಿತ್ತು. ಬೇರೆ ಫ್ರೇಮು ಕಟ್ಟಲು ಸಮಯವಿತ್ತು. ನನ್ನ ಕೈಯ ಮೇಲೆ ನನಗೆ ಅಷ್ಟು ಭರವಸೆ. ಹಿತ್ತಾಳೆಯ ಬೆಸುಗೆ ಹಾಕಿ, ಅರದಿಂದ ಉಜ್ಜಿ, ಮೇಲೆ ಅದೇ ಕೆಂಪು ಬಳಿದೆ. ಬೆಳಿಗ್ಗೆ ನೀನು "ಭಾಯಿ, ಎಲ್ಲಾ ನೋಡೀಯಲ್ಲ?" ಎಂದು ಕೇಳಿದೆ. "ನೋಡೇನಿ, ನಡಿ" ಎಂದು ನಾನು ಹೇಳಿದೆ.

ನೀನು ಹಿಂದೆ ನೋಡಿದ್ದಕ್ಕೆ ಬೀಳಲಿಲ್ಲ. ಫ್ರೇಮು ಮೊದಲು ಮುರಿಯಿತು, ಅದೇ ಜಾಗದಲ್ಲಿ. ಜನ ನಿನ್ನ ಸುತ್ತ ಸೇರಿದಾಗ ನಾನು ಸೈಕಲ್ಲನ್ನು ಎತ್ತಿ ಟೆಂಪೋದೊಳಗೆ ಹಾಕಿ ಮೇಲೆ ತಾಡಪತ್ರಿ ಮುಚ್ಚಿದೆ. ಆಸ್ಪತ್ರೆಯಲ್ಲಿ ನಾನು ಹಾಲು ಕುಡಿಸುತ್ತಿದ್ದಾಗ ನೀನು "ನಾ ಹಿಂದ ನೋಡಬಾರದಿತ್ತು" ಎಂದೆ. ಲೋಟ ಖಾಲಿಯಾಗುವವರೆಗೂ ಹೇಳಬಹುದಿತ್ತು. ಆಮೇಲೆ ಇಪ್ಪತ್ತು ವರ್ಷವೂ ಹೇಳಬಹುದಿತ್ತು.

ಈ ಲೋಹಕ್ಕೆ ಬೆಸುಗೆ ಹಾಕುವುದು ನನ್ನಿಂದಾಗದು. ಸೀಳು ಬಿದ್ದರೆ ಯಾರ ಕಣ್ಣಿಗಾದರೂ ಕಾಣುತ್ತದೆ. ವಾರಕ್ಕೊಮ್ಮೆ ಕೂಡುಗಡೆಗಳನ್ನು ಒರೆಸಿ ನೀನೇ ನೋಡು. ನಾನು ನೋಡಿ ಕೊಟ್ಟಿದ್ದೇನೆಂದು ಬಿಡಬೇಡ.

ಹಿಂದಿನ ಶಾಕಪ್ಪಿನೊಳಗೆ ಸ್ಪ್ರಿಂಗ್ ಇಲ್ಲ, ಗಾಳಿ. ಹತ್ತುವವರ ತೂಕ ತಿಳಿದ ಮೇಲೆಯೇ ತುಂಬಬೇಕು. ಸಂಗನಬಸವನ ತೂಕಕ್ಕೆ ತುಂಬಿದ್ದ ಗಾಳಿಯನ್ನು ಹೊರಗೆ ಬಿಟ್ಟಿದ್ದೇನೆ. ಗೋಡೆಯ ಮೇಲೆ ನಲವತ್ತೆಂಟು ಕಿಲೋ ಎಂದಿದೆ, ಅದು ಓಟದ ವಾರದ್ದು. ಈಗ ನಿನ್ನ ತೂಕ ಎಷ್ಟು, ತಸ್ಲೀಮ?