ಬಾನಿಯಲ್ಲಿ ಉಳಿದ ಕಲ್ಲು

ಭೀಮಾ ದಂಡೆ, ಮೂರನೆಯ ನೆರಳುಬೀದಿ
ಬಿಸಿಲುಶಕ 212, ಹದಿನಾಲ್ಕನೆಯ ತಿಂಗಳು, ಒಂಬತ್ತನೆಯ ದಿನ, ಗುರುವಾರ

ನಮಗಿಂತ ಎಷ್ಟೋ ಮೊದಲು ಬಾಳುತ್ತಿರುವ ಹಿರಿಯರಿಗೆ ನೇರಳೆ ಮಾಡುವ ನಮಸ್ಕಾರಗಳು.

ಮೇಲಿನ ತಾರೀಖು ತಪ್ಪಲ್ಲ. ನಿಮ್ಮಲ್ಲಿ ವರ್ಷಕ್ಕೆ ಹನ್ನೆರಡೇ ತಿಂಗಳಿದ್ದವಂತೆ. ಬೇಸಿಗೆ ಅಷ್ಟರಲ್ಲಿ ಮುಗಿಯದೆ ಹೋದಾಗ ನಮ್ಮವರು ಇನ್ನೆರಡು ಸೇರಿಸಿದರು. ನನ್ನ ಮಾತುಗಳಲ್ಲೂ ಕೆಲವು ನಿಮಗೆ ವಿಚಿತ್ರವಾಗಿ ಕೇಳಿಸಬಹುದು, ಕ್ಷಮಿಸಬೇಕು. ನಮ್ಮಲ್ಲಿ ಶಾಲೆ ಎಂದರೆ ನಾಲ್ಕನೆಯ ತರಗತಿಯವರೆಗೆ ಮಾತ್ರ, ಆಮೇಲೆ ಎಲ್ಲರೂ ಕೆಲಸಕ್ಕೆ ಹೋಗುತ್ತೇವೆ. ಈ ಕಾಗದವನ್ನು ಹಿಂದಂಚೆಗೆ ಹಾಕುತ್ತಿದ್ದೇನೆ. ಹಿಂದಂಚೆ ಎಂದರೆ ಕಳೆದ ಕಾಲಕ್ಕೆ ಹೋಗುವ ಅಂಚೆ. ಇಪ್ಪತ್ತೆರಡು ತುಂಬಿದವರಿಗೆ ಬದುಕಿನಲ್ಲಿ ಒಮ್ಮೆ ಮೂರು ಹಾಳೆ ಕೊಡುತ್ತಾರೆ. ಈವರೆಗೆ ಯಾರಿಗೂ ಉತ್ತರ ಬಂದಿಲ್ಲ. ಹೆಚ್ಚಿನವರು ನಿಮ್ಮ ಮಳೆ ಹೇಗಿತ್ತು ಎಂದು ಕೇಳಿ ಬರೆಯುತ್ತಾರೆ. ನನಗೆ ಕೇಳಬೇಕಾದದ್ದು ಬೇರೆ ಇದೆ.

ನನ್ನ ಕೆಲಸ ನೆರಳುಬಟ್ಟೆ ಹೊಲಿಯುವುದು. ನಮ್ಮ ಬೀದಿಗಳ ಮೇಲೆ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ದಪ್ಪ ಬಟ್ಟೆ ಕಟ್ಟಿರುತ್ತಾರೆ. ಅದು ಹರಿದಲ್ಲೆಲ್ಲ ಕೆಳಗಿನ ನೆಲ ಕಾಲಿಡಲಾರದಷ್ಟು ಕಾಯುತ್ತದೆ. ಬೆಳಕು ಹರಿಯುವ ಮೊದಲೇ ಏಣಿ ಹತ್ತಿ ನಾನು ಒಂದು ಕಡೆಯಿಂದ, ಗೆಳತಿ ಹೊನ್ನೆ ಇನ್ನೊಂದು ಕಡೆಯಿಂದ ಹೊಲಿಯುತ್ತ ಬರುತ್ತೇವೆ. ಹತ್ತು ಗಂಟೆಗೆ ಕೆಲಸ ನಿಲ್ಲುತ್ತದೆ. ಹನ್ನೊಂದರಿಂದ ನಾಲ್ಕರವರೆಗೆ ಬಿಸಿಲುಬಿಡುವು, ಆಗ ಯಾರೂ ಬೀದಿ ಬಿಟ್ಟು ಹೊರಗೆ ಕಾಲಿಡುವಂತಿಲ್ಲ. ನಮ್ಮ ಹೆಸರುಗಳನ್ನೂ ವಿವರಿಸಬೇಕು. ದೊಡ್ಡ ಜಗಳಗಳ ನಂತರ ಮಕ್ಕಳಿಗೆ ಮರದ ಹೆಸರನ್ನೇ ಇಡಬೇಕೆಂದು ನಿಯಮವಾಯಿತು. ಹೆಸರು ಕೇಳಿದ ಕೂಡಲೇ ಯಾವ ದೇವರವರು ಎಂದು ಗೊತ್ತಾಗದಿರಲಿ ಎಂದು ಹಾಗೆ ಮಾಡಿದರು. ಮರಗಳಲ್ಲಿ ಎಷ್ಟೋ ಈಗ ಇಲ್ಲ. ಹೊನ್ನೆ ಮರವನ್ನು ಹೊನ್ನೆಯೂ ನೋಡಿಲ್ಲ.

ನಮ್ಮ ಬೀದಿಯ ನಡುವೆ ಒಂದು ಕೇಳುಕಟ್ಟೆ ಇದೆ, ಎಂದರೆ ಸುತ್ತ ಗೋಡೆ ಎಬ್ಬಿಸಿದ ಜಗಲಿ. ಬೇರೆ ಬೇರೆ ದೇವರನ್ನು ನಂಬುವ ಎಂಟು ಜನ ಗುರುವಾರದ ಬಿಸಿಲುಬಿಡುವಿನಲ್ಲಿ ಅಲ್ಲಿ ಕೂತು, ಒಬ್ಬರ ನಂಬಿಕೆಯನ್ನು ಇನ್ನೊಬ್ಬರು ಕೇಳುತ್ತಾರೆ. ಕಟ್ಟೆಯ ಬಾಗಿಲಲ್ಲಿ ಹಿಂದೆ ದನಕ್ಕೆ ನೀರು ಹಾಕುತ್ತಿದ್ದ ಹಳೆಯ ಬಾನಿಯಿದೆ. ಎಂಟು ಜನರೂ ಒಳಗೆ ಹೋಗುವಾಗ ತಮ್ಮ ತಮ್ಮ ಮನೆಯ ಹಳೆಯ ಬೀಸುಕಲ್ಲಿನಿಂದ ಒಡೆದ ಚೂರೊಂದನ್ನು ಆ ಬಾನಿಯಲ್ಲಿ ಇಡಬೇಕು, ಹೊರಗೆ ಬರುವಾಗ ಅದನ್ನೇ ಎತ್ತಿಕೊಳ್ಳಬೇಕು. ಬಂದ ಹಾಗೇ ಮನೆಗೆ ಮರಳುತ್ತಿದ್ದೇನೆ, ಯಾರೂ ನನ್ನನ್ನು ಎಳೆದಿಲ್ಲ ಎಂಬುದಕ್ಕೆ ಅದೇ ಗುರುತು. ಒಂದು ಕಲ್ಲು ಉಳಿದರೂ ಕಟ್ಟೆಯನ್ನು ಮುಚ್ಚಬೇಕು. ನಲವತ್ತು ವರ್ಷ ಒಂದೂ ಉಳಿದಿರಲಿಲ್ಲ.

ಈ ನಿಯಮ ಮಾಡಿದವರನ್ನು ನಾನು ಬೈಯಲಾರೆ. ನಿಮ್ಮ ಕಾಲದ ಪತ್ರಿಕೆಗಳ ಕೆಲವು ಹಾಳೆಗಳು ನಮ್ಮ ಶಾಲೆಯಲ್ಲಿದ್ದವು. ಒಂದರಲ್ಲಿ ಬೇರೆ ಬೇರೆ ಉಡುಪಿನ ಹಿರಿಯರು ವೇದಿಕೆಯ ಮೇಲೆ ಕೈ ಕೈ ಹಿಡಿದು ನಿಂತಿದ್ದರು. ಅದರ ಕೆಳಗೇ ಯಾರೋ ಕೇಳಿದ್ದರು, ಇದು ಮಾತುಕತೆಯೋ, ಗಾಳ ಹಾಕುವುದೋ ಎಂದು. ಆ ಪ್ರಶ್ನೆಗೆ ನೀವು ಉತ್ತರ ಹೇಳಿಕೊಂಡಿರೋ ಇಲ್ಲವೋ ತಿಳಿಯದು. ಆಮೇಲಿನವರು ಬೆಂಕಿಯಿಂದ ಉತ್ತರ ಹೇಳಿದರು. ಸುಟ್ಟ ಬೀದಿಗಳನ್ನು ಕಣ್ಣಾರೆ ಕಂಡವರು ಮಾತನ್ನೂ ಮತಾಂತರವನ್ನೂ ಬೇರೆ ಬೇರೆ ಇಡಲು ಬಾನಿ ಇಟ್ಟರು.

ನಾನೂ ಹೊನ್ನೆಯೂ ಮೂರು ವರ್ಷದಿಂದ ಆ ಎಂಟು ಜನರಲ್ಲಿ ಇಬ್ಬರು. ಅಲ್ಲಿ ದೊಡ್ಡ ಮಾತುಗಳೇನೂ ಇರಲಿಲ್ಲ. ಉಪವಾಸದ ದಿನ ಉಗುಳು ನುಂಗಬಹುದೇ ಎಂದು ಒಬ್ಬರು ಕೇಳಿದರೆ, ಕಟ್ಟೆಗೆ ಹಿರಿಯಳಾದ ಅತ್ತಿ ಅಜ್ಜಿ, "ನಮ್ಮ ದೇವರಿಗೆ ಅಷ್ಟು ಹತ್ತಿರದ ಕಣ್ಣು ಕಾಣೋದಿಲ್ಲ ಬಿಡಪ್ಪಾ" ಎಂದು ನಗಿಸುತ್ತಿದ್ದಳು. ಮುತ್ತುಗಣ್ಣ ಎಂಬವರೂ ಒಬ್ಬರಿದ್ದರು. ಅವರ ಮಗಳು ಬಿಸಿಲು ಬಡಿದು ತೀರಿಕೊಂಡಿದ್ದಳು. ಆಮೇಲೆ ಹತ್ತೊಂಬತ್ತು ಸಂಜೆ ತಮ್ಮ ದೇವರ ಮುಂದೆ ಏನನ್ನೂ ಬೇಡದೆ ಸುಮ್ಮನೆ ಕೂತು ಬಂದೆ ಎಂದು ಅವರು ಒಮ್ಮೆ ಹೇಳಿದರು. ಅಷ್ಟು ಹೇಳಿ ನೀರು ಕುಡಿದರು. ಯಾರನ್ನೂ ಕರೆಯಲಿಲ್ಲ, ಯಾರ ಕಡೆಯೂ ನೋಡಲಿಲ್ಲ. ಹೊನ್ನೆ ಮಾತ್ರ ಅಂದಿನಿಂದ ಹೊಲಿಗೆಯ ನಡುವೆ ಸೂಜಿ ನಿಲ್ಲಿಸಿ ಕೂತುಬಿಡುತ್ತಿದ್ದಳು. "ಏನೇ?" ಎಂದರೆ, "ಏನೂ ಬೇಡದೆ ಕೂಡೋದು ನಮ್ಮ ಮನೇಲಿ ಯಾರಿಗೂ ಬರೋದಿಲ್ಲ ನೋಡು" ಎಂದಳು ಒಮ್ಮೆ. ನಾನು ನಕ್ಕೆ.

ಹೊನ್ನೆ ಯಾವ ದೇವರವಳು, ಮುತ್ತುಗಣ್ಣ ಯಾವ ದೇವರವರು ಎಂದು ನಾನು ಬರೆಯುವುದಿಲ್ಲ. ಬರೆದರೆ ಈ ಕಾಗದ ಮುಗಿಯುವ ಮೊದಲೇ ನೀವು ಒಂದು ಪಕ್ಷ ಹಿಡಿದಿರುತ್ತೀರಿ.

ಕಟ್ಟೆ ಗುಡಿಸಿ ಬಾಗಿಲು ಹಾಕುವ ಕೆಲಸಕ್ಕೆ ನಮ್ಮಲ್ಲಿ ಪಾಳಿ ಇದೆ. ಹನ್ನೆರಡನೆಯ ತಿಂಗಳಲ್ಲಿ ನನ್ನ ಪಾಳಿ ಬಂತು. ಆ ಗುರುವಾರ ಎಲ್ಲರೂ ಹೋದ ಮೇಲೆ ನೋಡಿದರೆ ಬಾನಿಯಲ್ಲಿ ಒಂದು ಕಲ್ಲು ಇತ್ತು. ಕೆಂಪು ಗೆರೆ ಇದ್ದುದರಿಂದ ಹೊನ್ನೆಯದೆಂದು ಗುರುತು ಸಿಕ್ಕಿತು. ಹೊನ್ನೆ ಮರೆವಿನವಳು. ನೀರಿನ ಕ್ಯಾನು, ಕತ್ತರಿ, ಒಮ್ಮೆ ಚಪ್ಪಲಿಯನ್ನೂ ಮರೆತು ಬಂದವಳು. ಯಾರಾದರೂ ಕಂಡರೆ ಕಟ್ಟೆಗೆ ಬೀಗ ಬೀಳುತ್ತದಲ್ಲ ಎಂದು ಹೆದರಿ ಕಲ್ಲನ್ನು ಸೆರಗಿನಲ್ಲಿ ಮುಚ್ಚಿಕೊಂಡು ಅವಳ ಮನೆಗೆ ಓಡಿದೆ. ಅವಳು ಇರಲಿಲ್ಲ. ಅವಳ ಅಪ್ಪ ಮತ್ತಿ ಕಾಕಾ ಅಂಗಳದಲ್ಲಿ ನೀರುಗಾಡಿಯ ಚಕ್ರ ರಿಪೇರಿ ಮಾಡುತ್ತಿದ್ದರು. ಅವರು ಯಾರಿಗೂ ಹೇಳುವುದಿಲ್ಲ ಎಂಬ ನಂಬಿಕೆಯಿಂದ, ಹೊನ್ನೆ ಕಲ್ಲು ಮರೆತು ಬಂದಿದ್ದಾಳೆ ಕಾಕಾ ಎಂದು ಅವರ ಕೈಗೆ ಕೊಟ್ಟೆ. ಅವರು ಗ್ರೀಸು ಹತ್ತಿದ ಬೆರಳುಗಳಿಂದ ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. "ಇದು ನಮ್ಮವ್ವ ಬೀಸಿದ ಕಲ್ಲು" ಎಂದರು. ಕಲ್ಲಿಗೆ ಹತ್ತಿದ ಗ್ರೀಸನ್ನು ಪಂಚೆಗೆ ಒರೆಸುತ್ತ ಕೇಳಿದರು: "ಮರತಾಳೋ, ಬಿಟ್ಟಾಳೋ?"

ಅವಳು ಬೇಕೆಂದೇ ಬಿಟ್ಟಿದ್ದಳೆಂದು ನನಗೆ ಆಗ ಅರ್ಥವಾಯಿತು. ಅಲ್ಲಿಯವರೆಗೆ ಆಗಿರಲಿಲ್ಲ. ಮೊದಲು ಹೊನ್ನೆಯನ್ನೇ ಹುಡುಕಿ ಕೇಳಬಹುದಿತ್ತು. ಹೇಗೆ ಹೇಳಬೇಕೆಂದು ಯೋಚಿಸಲು ಅವಳಿಗೆ ಒಂದು ವಾರವಾದರೂ ಸಿಗುತ್ತಿತ್ತು. ಆ ವಾರವನ್ನು ನಾನು ಅವಳಿಂದ ಕಿತ್ತುಕೊಂಡುಬಿಟ್ಟೆ.

ಮತ್ತಿ ಕಾಕಾ ಕಲ್ಲನ್ನು ನಮ್ಮ ಬೀದಿಯ ಹಿರಿಯರಿಗೆ ಒಪ್ಪಿಸಿದರು. ಮರುದಿನವೇ ಎಂಟು ಜನರನ್ನೂ ಆ ಹಿರಿಯರ ಮುಂದೆ ಕೂರಿಸಿದರು. ಯಾವ ಗುರುವಾರ ಯಾರು ಏನು ಹೇಳಿದಿರಿ ಎಂದು ಒಬ್ಬೊಬ್ಬರನ್ನೂ ಕೇಳಿದರು. ಮತ್ತಿ ಕಾಕಾ ಯಾರನ್ನೂ ಬೈಯಲಿಲ್ಲ. "ನನ್ನ ಮಗಳನ್ನ ಯಾರು ಕರೆದಿರಿ, ಅಷ್ಟು ಹೇಳ್ರಿ, ಸಾಕು" ಎಂದರು. ಹೊನ್ನೆ ಎದ್ದು ನಿಂತು, "ಯಾರೂ ಕರೆದಿಲ್ಲಪ್ಪಾ, ಕೇಳಿದೆ ಅಷ್ಟೇ. ಕೇಳಾಕಂತಲೇ ಅಲ್ಲೇನು ಕಳಿಸಿದ್ದಿ?" ಎಂದಳು. ಮುತ್ತುಗಣ್ಣ ಕಣ್ಣೊರೆಸಿಕೊಂಡು, ನನ್ನ ಮಗಳ ಸುದ್ದಿಯನ್ನೇ ನಾನು ತೆಗೆಯಬಾರದಿತ್ತು ಎಂದರು. ಮಗಳನ್ನು ಕಳೆದುಕೊಂಡವರು, ಅವಳನ್ನು ನೆನೆದದ್ದಕ್ಕೆ ಕ್ಷಮೆ ಕೇಳುತ್ತಿದ್ದರು.

ಅಷ್ಟಕ್ಕೇ ನಿಂತಿದ್ದರೆ ಏನಾದರೂ ದಾರಿ ಸಿಗುತ್ತಿತ್ತೇನೋ. ಆದರೆ ಹೊನ್ನೆಯ ಮನಸ್ಸು ತಿರುಗಿದ ಕಡೆಯವರು ಅದೇ ಸಂಜೆ ತಮ್ಮವರು ಒಬ್ಬರು ಹೆಚ್ಚಿದರೆಂದು ಬೀದಿಯುದ್ದಕ್ಕೂ ಬೆಲ್ಲ ಹಂಚಿದರು. ಮುತ್ತುಗಣ್ಣ ಮುಟ್ಟಲಿಲ್ಲ, ಉಳಿದವರು ತಿಂದರು. ಅವಳನ್ನು ಕಳೆದುಕೊಂಡ ಕಡೆಯವರು ತಮ್ಮ ಮನೆಗಳ ನಡುವಿನ ನೆರಳುಬಟ್ಟೆಯ ಹಗ್ಗ ಬಿಚ್ಚಿ ತಮ್ಮ ಕಡೆಗಷ್ಟೇ ಎಳೆದುಕೊಂಡರು. ಮೂರು ದಿನ ನಡುಬೀದಿಗೆ ಬಿಸಿಲು ಬಿತ್ತು. ಎರಡು ಕಡೆಯವರಿಗೂ ಹೊನ್ನೆ ಬೇಕಿರಲಿಲ್ಲ, ಅವಳ ಕಲ್ಲು ಬೇಕಿತ್ತು.

ಕೊನೆಗೆ ಬೀದಿಯ ಹಿರಿಯರು ಕಲ್ಲನ್ನು ಮತ್ತೆ ಬಾನಿಯಲ್ಲಿಟ್ಟು ತೀರ್ಮಾನವನ್ನು ಅವಳಿಗೇ ಬಿಟ್ಟರು. ಕಲ್ಲು ಎತ್ತಿಕೊಂಡರೆ ಕಟ್ಟೆ ಉಳಿಯುತ್ತದೆ, ಇಲ್ಲದಿದ್ದರೆ ಇಂದಿಗೇ ಮುಚ್ಚುತ್ತದೆ ಎಂದರು. ಹೊನ್ನೆ ಅತ್ತಿ ಅಜ್ಜಿಯ ಕಡೆ ನೋಡಿದಳು. ಅಜ್ಜಿಗೆ ಎಂಬತ್ತೊಂದು ವರ್ಷ, ಆ ಕಟ್ಟೆ ಕಟ್ಟುವಾಗ ಮಣ್ಣು ಹೊತ್ತವಳು. ಹೊನ್ನೆ ಬಾನಿಗೆ ಕೈ ಹಾಕಿ ಕಲ್ಲು ಎತ್ತಿಕೊಂಡಳು. ಎಲ್ಲರೂ ಉಸಿರು ಬಿಟ್ಟರು. ಬೀದಿಗೆ ಮತ್ತೆ ನೆರಳಾಯಿತು.

ಈಗಲೂ ಗುರುವಾರ ಗುರುವಾರ ಎಂಟು ಜನ ಕೂರುತ್ತೇವೆ. ನೀರಿನ ಪಾಳಿ, ಮಂಡಿನೋವಿಗೆ ಯಾವ ಎಣ್ಣೆ, ಇಂಥವನ್ನೇ ಮಾತಾಡುತ್ತೇವೆ. ನಂಬಿಕೆಯ ಮಾತು ಬಂದರೆ ಯಾರಾದರೂ ಕೆಮ್ಮುತ್ತಾರೆ. ಮುತ್ತುಗಣ್ಣ ಬಾಯಿ ತೆರೆಯುವುದಿಲ್ಲ. ಹೊನ್ನೆ ತನ್ನ ಮನೆಯ ದೇವರ ಮುಂದೆಯೂ ಕೂರುವುದಿಲ್ಲ, ಆ ಇನ್ನೊಂದು ಕಡೆಗೂ ಹೋಗುವುದಿಲ್ಲ. ಮುಂಜಾನೆ ಬಟ್ಟೆಯ ಆ ತುದಿಯಿಂದ ಹೊಲಿಯುತ್ತ ಬರುತ್ತಾಳೆ, ನಾನು ಈ ತುದಿಯಿಂದ ಹೋಗುತ್ತೇನೆ. ನಡುವೆ ಸೇರಿದಾಗ ಅವಳು ದಾರ ಕಡಿದು ಏಣಿ ಇಳಿಯುತ್ತಾಳೆ. ನನ್ನನ್ನು ಒಂದು ಮಾತೂ ಬೈದಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಹಿರಿಯರೇ, ನನಗೆ ಗೊತ್ತಿರುವುದು ಇಷ್ಟೇ. ಇನ್ನೊಬ್ಬರನ್ನು ತನ್ನ ಕಡೆಗೆ ಎಳೆಯಲೆಂದೇ ಬಂದು ಕೂತವನು ಮಾತಾಡಲು ಬಂದವನಲ್ಲ. ಏನೇ ಕೇಳಿದರೂ ನನ್ನ ಮನಸ್ಸು ಅಲುಗುವುದಿಲ್ಲ ಎಂದು ಬಾಗಿಲಲ್ಲೇ ಕಲ್ಲಿಟ್ಟು ಬಂದವನೂ ಕೇಳಲು ಬಂದವನಲ್ಲ. ಎಳೆಯುವವನನ್ನು ತಡೆಯಿರಿ, ನಡೆಯುವವಳನ್ನು ಬಿಡಿ ಎಂದು ಅತ್ತಿ ಅಜ್ಜಿಗೆ ಹೇಳಿನೋಡಿದೆ. "ಯಾರು ಎಳೀತಾರೆ ಅಂತ ಹೆಂಗ ತಿಳೀತದವ್ವಾ? ದುಃಖವನ್ನ ಚಂದಾಗಿ ಹೇಳೋದೂ ಎಳೆಯೋದೇ ಅಲ್ಲೇನು?" ಎಂದಳು. ಅದಕ್ಕೆ ಉತ್ತರ ನಿಮ್ಮ ಬಳಿ ಇರಬಹುದೆಂದು ಬರೆಯುತ್ತಿದ್ದೇನೆ, ಇಲ್ಲದಿರಬಹುದೆಂದೂ ಗೊತ್ತು. ಆದರೂ ಒಂದು ಕೇಳಿಕೊಳ್ಳುತ್ತೇನೆ. ನಿಮ್ಮ ಕಾಲದಲ್ಲಿ ಇನ್ನೂ ಬಾನಿ ಇಟ್ಟಿಲ್ಲ. ಯಾರಾದರೂ ಮಾತು ಕೇಳಿ ಆ ಕಡೆಗೋ ಈ ಕಡೆಗೋ ಹೋದರೆ, ಒಂದು ಕಡೆಯವರು ಬೆಲ್ಲ ಹಂಚಬೇಡಿ, ಇನ್ನೊಂದು ಕಡೆಯವರು ಹಗ್ಗ ಬಿಚ್ಚಬೇಡಿ. ಅಷ್ಟಾದರೆ ಬಾನಿಯನ್ನು ಯಾರೂ ಇಡಬೇಕಾಗಿ ಬರಲಿಕ್ಕಿಲ್ಲ.

ನನ್ನ ಮನಸ್ಸು ಯಾವ ಕಡೆಗೂ ತಿರುಗಿಲ್ಲ. ಆದರೂ ಒಂದು ಗುರುವಾರ ನನ್ನ ಕಲ್ಲನ್ನು ಬಾನಿಯಲ್ಲೇ ಬಿಟ್ಟು ಬರಬೇಕೆಂದುಕೊಂಡಿದ್ದೇನೆ, ಹೊನ್ನೆ ಒಬ್ಬಳೇ ಬಿಟ್ಟವಳೆಂದು ಆಗದಿರಲಿ ಎಂದು. ಏಳು ಗುರುವಾರಗಳಾದವು. ಇಂದೂ ಹೋಗಿದ್ದೆ. ಬರುವಾಗ ಎಲ್ಲರ ಕಣ್ಣೂ ಬಾನಿಯ ಮೇಲಿತ್ತು. ನನ್ನ ಕೈ ತಾನಾಗಿಯೇ ಕಲ್ಲನ್ನು ಎತ್ತಿಕೊಂಡಿತು. ಈಗ ಹಾಳೆಗಳು ಗಾಳಿಗೆ ಹಾರದಿರಲೆಂದು ಅದನ್ನೇ ಮೇಲಿಟ್ಟು ಬರೆಯುತ್ತಿದ್ದೇನೆ.

ಇಂತಿ,
ನೇರಳೆ