ಎಲ್ಲರೂ ಮಣ್ಣಿಗೆ ಬನ್ನಿ

ಪುರಸಭೆಯ ಮುಖ್ಯಾಧಿಕಾರಿಗಳಾದ ಮಾನ್ಯರೇ,

ಮಣ್ಣನ್ನು ಗೌರವಿಸಲು ತಾವು ಏರ್ಪಡಿಸಿದ್ದ ಸಮಾರಂಭದಲ್ಲಿ ನಮ್ಮ ಚಿಕ್ಕಮ್ಮನ ತರಕಾರಿ ಹೊಲದ ಮಣ್ಣು ಸತ್ತುಹೋಗಿದೆ. ಪೀಠಿಕೆಯಿಲ್ಲದೆ ಹೇಳಿದ್ದಕ್ಕೆ ಕ್ಷಮೆಯಿರಲಿ. ತಮ್ಮಷ್ಟು ಉದ್ದಕ್ಕೆ ಮಾತಾಡುವ ಅಭ್ಯಾಸ ನನಗಿನ್ನೂ ಆಗಿಲ್ಲ.

ಮೊದಲು ಬ್ಯಾನರಿನ ವಿಚಾರ. "ಭಾನುವಾರ ಬೆಳಿಗ್ಗೆ ಎಲ್ಲರೂ ಮಣ್ಣಿಗೆ ಬನ್ನಿ" ಎಂದು ದಪ್ಪಕ್ಷರದಲ್ಲಿ ಬರೆಸಿ, ಕೆಳಗೆ ತಮ್ಮದೇ ಭಾವಚಿತ್ರ ಹಾಕಿಸಿ, ಬಸ್ ನಿಲ್ದಾಣದೆದುರು ಕಟ್ಟಿಸಿದಿರಿ. ಮಣ್ಣಿನ ಮಹತ್ವ ಅರಿಯಲು ಬನ್ನಿ ಎಂಬುದು ತಮ್ಮ ಘನ ಉದ್ದೇಶ. ಆದರೆ ನಮ್ಮ ಜನ ಮಣ್ಣಿಗೆ ಹೋಗುವುದು ಯಾರಾದರೂ ತೀರಿಕೊಂಡಾಗ ಮಾತ್ರ. ಭಾವಚಿತ್ರ ಬೇರೆ ಇತ್ತಲ್ಲ, ಸಾಹೇಬರೇ ಹೋಗಿಬಿಟ್ಟರು ಎಂದು ಅರ್ಧ ಊರು ನಂಬಿತು. ಇನ್ನರ್ಧ ಊರು ಇದು ನನ್ನ ಕಿತಾಪತಿ ಎಂದು ತೀರ್ಮಾನಿಸಿತು. ಚಿಕ್ಕಪ್ಪ ಏನೂ ಕೇಳದೆ ನನ್ನ ಕಿವಿ ಹಿಂಡಿದರು. ಬಹಿರಂಗವಾಗಿ ಸ್ಪಷ್ಟಪಡಿಸುತ್ತೇನೆ: ಅಷ್ಟು ಪ್ರತಿಭೆ ನನಗಿಲ್ಲ. ಅಂಥದ್ದು ಸಭೆ ಸೇರಿ, ಟೀ ಕುಡಿದು, ಸರ್ವಾನುಮತದಿಂದ ಮಾತ್ರ ಸಾಧ್ಯ.

ಇನ್ನು ಹೊಲ. ಅದು ಇಳಿಜಾರು. ಮಳೆನೀರು ಮಣ್ಣನ್ನು ಹೊತ್ತೊಯ್ಯದಂತೆ ಚಿಕ್ಕಮ್ಮ ಅಡ್ಡಡ್ಡಲಾಗಿ ಬದು ಹಾಕಿಕೊಂಡಿದ್ದರು. ಆ ಬದುಗಳ ಅಂದ ಮೆಚ್ಚಿಯೇ ತಾವು ಅದನ್ನು 'ಮಾದರಿ ಹೊಲ' ಎಂದು ಘೋಷಿಸಿ, ಸಮಾರಂಭ ಅಲ್ಲೇ ಎಂದಿರಿ. ಚಿಕ್ಕಮ್ಮನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಟೈಲರ್ ಅಣ್ಣನ ತಲೆ ತಿಂದು ಹೊಸ ಬಟ್ಟೆ ಹೊಲಿಸಿಕೊಂಡರು. ಆಮೇಲೆ ತಮ್ಮ ಇಂಜಿನಿಯರ್ ಬಂದರು. ವೇದಿಕೆ ಅಲುಗಾಡಬಾರದಲ್ಲ, ಮೇಲಿನ ಬದುಗಳನ್ನೆಲ್ಲ ಸಮ ಮಾಡಿಸಿದರು. ಅತಿಥಿಗಳ ಬೂಟಿಗೆ ಮಣ್ಣು ಮೆತ್ತಬಾರದಲ್ಲ, ಜಲ್ಲಿ ಹರಡಿಸಿ ರೋಡ್ ರೋಲರ್ ಓಡಿಸಿದರು. ಮಣ್ಣಿನ ಸಮಾರಂಭಕ್ಕೆ ಬಂದವರಿಗೆ ಮಣ್ಣು ತಾಗದಂತೆ ನೋಡಿಕೊಳ್ಳುವ ಈ ಕಾಳಜಿಯನ್ನು ಬೇರೆ ಯಾವ ಇಲಾಖೆ ತೋರೀತು? ನಾನು ಬಾಯಿ ತೆರೆಯುವಷ್ಟರಲ್ಲಿ ಚಿಕ್ಕಮ್ಮ ಗದರಿದರು. "ಸುಮ್ನಿರು. ದೊಡ್ಡೋರು, ಆಮೇಲೆ ಸರಿ ಮಾಡ್ಕೊಡ್ತಾರಂತೆ."

ಭಾನುವಾರ ತಾವು "ಬದುವೇ ಬದುಕು" ಎಂದು ಮನಮುಟ್ಟುವಂತೆ ಮಾತಾಡಿದಿರಿ, ಬದು ಇದ್ದ ಜಾಗದ ಮೇಲೆಯೇ ನಿಂತು. ಜನ ಚಪ್ಪಾಳೆ ತಟ್ಟಲಿಲ್ಲವೆಂದು ತಮಗೆ ಬೇಸರವಾಯಿತಂತೆ. ಅವರು ಸಾವಿನ ಮನೆಗೆ ಬಂದವರು, ಸ್ವಾಮಿ. ತಾವು ಬದುಕಿರುವುದನ್ನು ಕಂಡು ಅವರಿಗೂ ಗೊಂದಲವಾಗಿತ್ತು. ಟೈಲರ್ ಅಣ್ಣ ಮುಖ ಚಿಕ್ಕದು ಮಾಡಿಕೊಂಡು ಚಿಕ್ಕಮ್ಮನ ಹತ್ತಿರ ಬಂದು ಮೆಲ್ಲಗೆ ಕೇಳಿದ, "ಹೋಗಿದ್ದು ಯಾರಕ್ಕಾ?"

ಚಿಕ್ಕಮ್ಮ ಕೈಯಲ್ಲಿ ಪ್ರಶಸ್ತಿ ಫಲಕ ಹಿಡಿದು, ಕಾಲಿನ ಹೆಬ್ಬೆರಳಿನಿಂದ ಜಲ್ಲಿ ಕೆದಕುತ್ತಿದ್ದರು. "ಇನ್ನೂ ಗೊತ್ತಾಗಿಲ್ಲ ಕಣಪ್ಪಾ. ಇದನ್ನೆಲ್ಲ ತೆಗೆದ ಮೇಲೆ ನೋಡ್ಬೇಕು."

ತೆಗೆಯಲಿಲ್ಲ. ಮುಂದಿನ ವರ್ಷದ ಸಮಾರಂಭವೂ ಅಲ್ಲೇ, ಹಾಗಾಗಿ ಜಲ್ಲಿ ಇರಲಿ ಎಂದು ಕಚೇರಿಯಲ್ಲಿ ಸಲಹೆ ಸಿಕ್ಕಿತು. ಈಗ ಗುದ್ದಲಿ ಹಾಕಿದರೆ ಹೊಲ ಟಣ್ ಎನ್ನುತ್ತದೆ. ಹೊಲದ ಕೆಳಭಾಗದಲ್ಲಿ ರೋಲರ್ ತಲುಪದ ತುಂಡೊಂದು ಉಳಿದಿತ್ತು. ಚಿಕ್ಕಮ್ಮ ಅಲ್ಲಿ ಬೀನ್ಸ್ ಬಿತ್ತಿದರು. ಮಳೆ ಬಂತು. ಮೇಲೆ ತಡೆಯಲು ಬದುವಿಲ್ಲ, ಇಂಗಲು ನೆಲ ಬಿಡುವುದಿಲ್ಲ. ನೀರೆಲ್ಲ ಒಟ್ಟಾಗಿ ನುಗ್ಗಿ, ಆ ತುಂಡಿನ ಮಣ್ಣನ್ನು ಬೀಜದ ಸಮೇತ ಎತ್ತಿಕೊಂಡು ಬೀದಿಗಿಳಿದು, ತಮ್ಮ ಕಚೇರಿಯ ಮುಂದಿನ ಚರಂಡಿಯಲ್ಲಿ ಕೂರಿಸಿತು. ಅನುಮಾನವಿದ್ದರೆ ಕಿಟಕಿಯಿಂದ ಬಗ್ಗಿ ನೋಡಿ. ಚರಂಡಿಯಲ್ಲಿ ಬೀನ್ಸ್ ಮೊಳೆತಿದೆ. ಚಿಕ್ಕಮ್ಮ ದಿನಾ ಬಂದು ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು ಎಲೆ ತಿರುವಿ ನೋಡಿ ಹೋಗುತ್ತಾರೆ.

ಆ ಮಣ್ಣನ್ನು ಹೊಲಕ್ಕೆ ವಾಪಸು ಹಾಕಿಸಿ, ಜಲ್ಲಿ ಎತ್ತಿಸಿ, ಬದು ಕಟ್ಟಿಸಿಕೊಡಿ ಎಂಬುದು ನನ್ನ ಬೇಡಿಕೆ. ಆಗುವುದಿಲ್ಲವೆಂದು ಗೊತ್ತು. ಆದ್ದರಿಂದ ತಮ್ಮ ಶಕ್ತಿಗೆ ತಕ್ಕ ಇನ್ನೊಂದನ್ನು ಕೇಳುತ್ತೇನೆ. ಬೀನ್ಸ್ ಕಾಯಿ ಬಿಡುವವರೆಗೆ ಆ ಚರಂಡಿಯನ್ನು ಬಳಿಸಬೇಡಿ. ಏನೂ ಮಾಡದಿದ್ದರೆ ಸಾಕು. ಅದರಲ್ಲಿ ತಮ್ಮ ಕಚೇರಿಗೆ ದೀರ್ಘ ಅನುಭವವಿದೆ. ಆದರೂ ಹೆದರಿಕೆ. ಈ ಪತ್ರ ಪತ್ರಿಕೆಯಲ್ಲಿ ಬಂದ ಮಾರನೆಯ ದಿನವೇ, ನಮ್ಮ ಗ್ರಹಚಾರಕ್ಕೆ, ಆ ಚರಂಡಿ ಮೊಟ್ಟಮೊದಲ ಬಾರಿಗೆ ಶುಚಿಯಾಗಿಬಿಡಬಹುದು.

ಇಂತಿ,
ಬರೆಯದೇ ಇರಬೇಕಿತ್ತೇನೋ ಎಂದು ಈಗಲೇ ಅನ್ನಿಸುತ್ತಿರುವ,
ತಮ್ಮ ವಾರ್ಡಿನ ತರಲೆ