ಉಡಿಗೆ ಹಾಕಿದ ಮಾತು

ಅಬ್ಬಿಗೇರಿ
೧೮ ಆಗಸ್ಟ್ ೨೦೨೫, ಸೋಮವಾರ

ಚಿ. ಸೌ. ದೇವಿಕಾಳಿಗೆ ಅವ್ವನ ಆಶೀರ್ವಾದ.

ಸೌ. ಎಂದು ರೂಢಿಗೆ ಬರೆದದ್ದಲ್ಲ, ಬೇಕೆಂದೇ ಬರೆದಿದ್ದೇನೆ. ಬರುವ ಸೋಮವಾರ ರೋಣದ ಕೋರ್ಟಿನಲ್ಲಿ ದುರಗೇಶನನ್ನು ಬಿಡುವ ಕಾಗದಕ್ಕೆ ಸಹಿ ಹಾಕುತ್ತೇನೆ ಎಂದು ಹೇಳಿದೆಯಲ್ಲ, ಅದಕ್ಕಿಂತ ಮೊದಲು ಈ ಪತ್ರ ನರಗುಂದ ಮುಟ್ಟಬೇಕು. ಓದಿದ ಮೇಲೆ ಸಹಿ ಹಾಕುವುದು ಬಿಡುವುದು ನಿನ್ನ ಇಷ್ಟ. ಓದದೆ ಮಾತ್ರ ಹಾಕಬೇಡ.

ಫೋನಿನಲ್ಲಿ ಯಾಕೆ ಹೇಳಲಿಲ್ಲ ಎಂದು ಸಿಟ್ಟಾಗುತ್ತೀ. ಈ ವಾರದಲ್ಲಿ ಮೂರು ಸಲ ಹಚ್ಚಿದೆ. ಮೂರು ಸಲವೂ ಉಂಡೆಯಾ, ಕಾಲು ಬಾತಿದೆಯಾ ಎಂದು ಕೇಳಿ ಇಟ್ಟುಬಿಟ್ಟೆ. ಮಾತಾಡುವಾಗ ನನಗೆ ನನ್ನ ಮೇಲೆ ಭರವಸೆಯಿಲ್ಲ ದೇವಿಕಾ. ಅಳು ಬರುತ್ತದೆ, ಅಳುವಿನ ಬೆನ್ನಿಗೆ ಒಂದು ಸುಳ್ಳೂ ಬಂದುಬಿಡುತ್ತದೆ. ಇಪ್ಪತ್ತೆಂಟು ವರ್ಷ ಅಂಗನವಾಡಿಯಲ್ಲಿ ಕೂಸುಗಳ ತೂಕ ಬರೆದ ಕೈ ಇದು. ಬರೆಯುವಾಗ ಸ್ವಲ್ಪ ನೆಟ್ಟಗಿರುತ್ತದೆ ಎಂದು ಇದನ್ನೇ ನಂಬಿದ್ದೇನೆ.

ಬೈಕ್ ಅಪಘಾತದ ಪರಿಹಾರದ ಕೇಸು ಸೋತುಹೋದ ದಿನ ನೀನು ಅಳಲಿಲ್ಲ. ಕೋರ್ಟಿನ ಮೆಟ್ಟಿಲ ಮೇಲೆ ಊರುಗೋಲು ಪಕ್ಕಕ್ಕಿಟ್ಟು ಕುಳಿತು, ವಕೀಲರು ಹೇಳಿದ್ದನ್ನೆಲ್ಲ ಬಾಯಿಪಾಠ ಮಾಡುವವಳಂತೆ ಕೇಳಿದೆ. ಕಾರು ಬಡಿಯಿತು ಎನ್ನಲು ಕಾಗದದಲ್ಲಿ ಪುರಾವೆ ಇಲ್ಲ. ಪೊಲೀಸರಿಗೆ ದೂರು ಕೊಟ್ಟದ್ದು ಇಪ್ಪತ್ತು ದಿನ ತಡವಾಗಿ. ಬೈಕಿನ ಪಾಲಿಸಿಯಲ್ಲಿ ಹಿಂದೆ ಕುಳಿತವರಿಗೆ ಏನೂ ಇಲ್ಲ. ಎಲ್ಲದಕ್ಕಿಂತ ಮೇಲೆ, ದವಾಖಾನೆಯ ವಹಿಯಲ್ಲಿ ಮೊದಲ ದಿನವೇ ಬರೆದ ಒಂದು ಸಾಲು: ‘ಸಂಬಂಧಿಕರು ಹೇಳಿದಂತೆ, ಬೈಕು ಜಾರಿ ತಾವೇ ಬಿದ್ದದ್ದು.’ ವಿಮಾ ಕಂಪನಿಯ ವಕೀಲ ಎರಡೂವರೆ ವರ್ಷ ಅದೊಂದು ಸಾಲನ್ನೇ ಹಿಡಿದು ಜಗ್ಗಿದ. ಸೀರೆಯ ಸೆರಗು ಗಾಲಿಗೆ ಸಿಕ್ಕು ಬಿದ್ದಿರಬೇಕು ಎಂದೂ ಹೇಳಿದನಂತೆ, ಪುಣ್ಯಾತ್ಮ. ಆ ದಿನ ನೀನು ಉಟ್ಟದ್ದು ಸೀರೆಯೇ ಅಲ್ಲ, ಹಸಿರು ಚೂಡಿದಾರ. ದವಾಖಾನೆಯಲ್ಲಿ ಅದನ್ನು ಕತ್ತರಿಯಿಂದ ಕತ್ತರಿಸಿ ತೆಗೆದಾಗ ಹಿಡಿದುಕೊಂಡವಳು ನಾನು.

ನಿಮ್ಮಿಬ್ಬರನ್ನೂ ತನ್ನ ಗೂಡ್ಸ್ ಗಾಡಿಯಲ್ಲಿ ಹಾಕಿಕೊಂಡು ಬಂದ ಸವಡಿಯ ಖಾಜಾಸಾಬ ಕಟಕಟೆಯಲ್ಲಿ ನಿಂತು ಕಂಡದ್ದನ್ನು ಕಂಡ ಹಾಗೆ ಹೇಳಿದ. ನಿನ್ನ ಸೋದರಮಾವನ ಮಗ ಗುರುಪಾದ ಹಿಂದಿನಿಂದ ಕಾರು ತಂದು ಬಡಿದದ್ದು, ಇಳಿದವನು ನಿಲ್ಲಲಾಗದೆ ರಸ್ತೆಯ ಮೇಲೆಯೇ ಕುಳಿತದ್ದು, ಮೂರು ಮಾರು ದೂರಕ್ಕೆ ಎಣ್ಣೆ ವಾಸನೆ ಹೊಡೆಯುತ್ತಿದ್ದದ್ದು. ಹಾಗಾದರೆ ಮನೆಯವರೇ ಜಾರಿ ಬಿದ್ದರೆಂದು ಯಾಕೆ ಹೇಳಿದರು ಎಂದು ಆ ವಕೀಲ ಕೇಳಿದ. ಅದು ಖಾಜಾಸಾಬನಿಗೆ ಎಲ್ಲಿಂದ ಗೊತ್ತಿರಬೇಕು?

ಆ ಮಾತು ದುರಗೇಶ ಹೇಳಿದ್ದು ಎಂದು ನೀನು ನಂಬಿದೆ. ನನ್ನ ಗಂಡ ಸೋದರಮಾವನ ಕಡೆ ಕೈ ಬೆಚ್ಚಗೆ ಮಾಡಿಕೊಂಡು ನನ್ನ ಕಾಲು ಮಾರಿದ ಎಂದು ಮೆಟ್ಟಿಲ ಮೇಲೆ ಎಲ್ಲರಿಗೂ ಕೇಳುವ ಹಾಗೆ ಅಂದೆ. ಎರಡು ವರ್ಷದ ಹಿಂದೆ ಗಜೇಂದ್ರಗಡದ ಮನೆ ಬಿಟ್ಟು ಬಂದಾಗಲೂ ಇದನ್ನೇ ಅಂದಿದ್ದೆ. ಅವನು ನಾನು ಹೇಳಿಲ್ಲ ಎಂದು ಎಷ್ಟು ಸಲ ಅಂದ, ನೆನಪಿದೆಯಾ? ನನಗೆ ನೆನಪಿದೆ. ಪ್ರತಿ ಸಲವೂ ನಾನು ಅಲ್ಲೇ ಇದ್ದೆ, ತಲೆ ತಗ್ಗಿಸಿ ಅಕ್ಕಿ ಆರಿಸುತ್ತಿದ್ದೆ.

ಆ ಮಾತು ಹೇಳಿದವಳು ನಾನು.

ಇಷ್ಟು ಬರೆದು ಎದ್ದುಹೋಗಿ ನೀರು ಕುಡಿದು ಬಂದೆ. ಇನ್ನು ಉಳಿದದ್ದನ್ನೂ ಬರೆಯುತ್ತೇನೆ.

ಆ ದಿನ ಮಧ್ಯಾಹ್ನ ನಾಲ್ಕರ ಸುಮಾರಿಗೆ ಫೋನು ಬಂತು. ನಾನು ಅಬ್ಬಿಗೇರಿಯಿಂದ ಸಿಕ್ಕ ಟಂಟಂ ಹತ್ತಿ ರೋಣ ಮುಟ್ಟುವುದರೊಳಗೆ ನಿನ್ನ ಸೋದರಮಾವ ಮಹಾಲಿಂಗಪ್ಪ, ಅವನ ಹೆಂಡತಿ ಹೊನ್ನವ್ವ ವೈನಿ ಇಬ್ಬರೂ ಪುರ್ತಗೇರಿಯಿಂದ ಬಂದು ದವಾಖಾನೆಯ ಬಾಗಿಲಲ್ಲೇ ನಿಂತಿದ್ದರು. ಗುರುಪಾದ ಕುಡಿದ ಅಮಲಿನಲ್ಲಿಯೂ ಅಪ್ಪನಿಗೆ ಫೋನು ಮಾಡುವಷ್ಟು ಬುದ್ಧಿ ಇಟ್ಟುಕೊಂಡಿದ್ದ. ನಿನ್ನನ್ನು ಸ್ಟ್ರೆಚರಿನ ಮೇಲೆ ಹಾಕಿದ್ದರು. ಮುಖ ಸುಣ್ಣದ ಹಾಗೆ ಇತ್ತು, ನಿನಗೆ ಎಚ್ಚರವಿರಲಿಲ್ಲ. ಬಲಗಾಲಿನ ಮೇಲೆ ಬಟ್ಟೆ ಮುಚ್ಚಿದ್ದರು. ಪಕ್ಕದ ಕಾಟಿನ ಮೇಲೆ ದುರಗೇಶ ತಲೆಗೆ ಪಟ್ಟಿ ಸುತ್ತಿಸಿಕೊಂಡು ಕಣ್ಣು ಮುಚ್ಚಿ ಬಿದ್ದಿದ್ದ.

ಅಣ್ಣ ನನ್ನ ಹೆಗಲು ಹಿಡಿದು, “ಹಾದ್ಯಾಗ ಜಾರಿ ಬಿದ್ದಾರ ಅಂದಬಿಡು ತಂಗಿ. ಆಪರೇಶನ್ನಿಂದು ಪೂರಾ ನನಗ ಬಿಡು. ದೇವಿಕಾ ನನಗೂ ಮಗಳ” ಅಂದ. ಅವನ ಮಾತಿಗೆ ನಾನು ಸೋಲಲಿಲ್ಲ. ಸೊಕ್ಕಿನಿಂದ ಹೇಳುತ್ತಿಲ್ಲ, ಖರೇ ಹೇಳುತ್ತೇನೆ. ಥೂ ಅನ್ನಬೇಕೆಂದು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ವೈನಿ ನನ್ನ ಮುಂದೆ ಮೊಣಕಾಲೂರಿ, ಸೆರಗು ಹಿಡಿದು ಉಡಿ ಒಡ್ಡಿದಳು. “ನೀಲವ್ವಾ, ನನ್ನ ಮಗನ್ನ ನನ್ನ ಉಡ್ಯಾಗ ಹಾಕವ್ವಾ. ಬರೂ ತಿಂಗಳ ಲಗ್ನ ಐತಿ ಅವಂದು. ನಿನ್ನ ಹಂತ್ಯಾಕ ಮತ್ತೇನೂ ಬೇಡೂದಿಲ್ಲ.”

ಉಡಿ ಒಡ್ಡಿದ ಹೆಂಗಸನ್ನು ನಮ್ಮ ಕಡೆ ಬರಿದಾಗಿ ಎಬ್ಬಿಸುವುದಿಲ್ಲ, ನಿನಗೂ ಗೊತ್ತು. ನಮ್ಮ ಅವ್ವ ವೈರಿಯ ಹೆಂಡತಿಗೂ ಹಾಗೆ ಮಾಡಿದವಳಲ್ಲ. ಅದೂ ಅವಳು ನನ್ನ ತವರುಮನೆಯ ಹಿರಿಸೊಸೆ. ನಿನ್ನ ಅಪ್ಪ ಸತ್ತ ವರ್ಷ ನಮ್ಮಿಬ್ಬರನ್ನು ಹನ್ನೊಂದು ತಿಂಗಳು ಕೂಡ್ರಿಸಿ ಉಣ್ಣಲು ಹಾಕಿದವಳು. ದವಾಖಾನೆಯ ಮಂದಿಯೆಲ್ಲ ನೋಡುತ್ತಿದ್ದರು. ಅವಳ ಉಡಿಯಷ್ಟೇ ನನಗೆ ಕಂಡಿತು. ನನ್ನ ಉಡಿಯಲ್ಲಿ ಹುಟ್ಟಿದ್ದು ಎರಡು ಮೊಳ ದೂರದಲ್ಲಿ ಬಿದ್ದದ್ದು ಕಾಣಲಿಲ್ಲ.

ಡಾಕ್ಟರು ಬಂದು, “ಹೆಂಗಾತ್ರಿ ಇದು?” ಎಂದು ಕೇಳಿದರು. “ಬೈಕ್ ಜಾರೇತ್ರಿ. ತಾವ ಬಿದ್ದಾರ” ಅಂದೆ. ಅವರು ಬರೆದುಕೊಂಡರು. ಖಾಜಾಸಾಬ ಗಾಡಿಯಲ್ಲಿನ ರಕ್ತ ತೊಳೆಯಲು ಹೊರಗೆ ಹೋಗಿದ್ದ. ಅವನು ಒಳಗಿದ್ದರೆ ನನಗೆ ಆ ಧೈರ್ಯ ಬರುತ್ತಿರಲಿಲ್ಲ.

ಅದು ಒಂದು ಗಳಿಗೆಯ ತಪ್ಪು ಎಂದು ಬಹಳ ದಿನ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಒಂದು ಗಳಿಗೆಯದಲ್ಲ. ದುರಗೇಶ ಹೊಲಿಗೆ ಬಿಚ್ಚಿಸಿಕೊಂಡು ಪೊಲೀಸ್ ಠಾಣೆಗೆ ಹೊರಟಾಗ ಹೇಳಬಹುದಿತ್ತು, ಹೇಳಲಿಲ್ಲ. ಆ ಸಾಲು ಯಾರು ಹೇಳಿದರು ಎಂದು ನೀನು ಮೊದಲ ಸಲ ಕೇಳಿದಾಗ, “ಮನ್ಯಾಗಿನವ್ರ ಯಾರರ ಹೇಳಿರಬೇಕವ್ವಾ, ನಾ ಬರೂದ್ರಾಗ ಬರದಿದ್ರು” ಅಂದೆ. ದುರಗೇಶನ ಹೆಸರು ಹೇಳಲಿಲ್ಲ. ಹೇಳುವ ಅಗತ್ಯವೇ ಇರಲಿಲ್ಲ. ಅಣ್ಣ, ವೈನಿ ಬಂದದ್ದು ನಿನಗೆ ಗೊತ್ತಿರಲಿಲ್ಲ, ನಿನ್ನ ಲೆಕ್ಕಕ್ಕೆ ನಾನು ಬರುವ ಮೊದಲು ಅಲ್ಲಿ ಮನೆಯವನು ಅಂತ ಇದ್ದವನು ಅವನೊಬ್ಬನೇ. ಹಬ್ಬ ಮದುವೆಗೆ ಅವನು ಒಮ್ಮೊಮ್ಮೆ ಕುಡಿಯುತ್ತಿದ್ದದ್ದು ನಿನಗೆ ಗೊತ್ತೇ ಇತ್ತು. ಆವತ್ತೂ ಕುಡಿದಿದ್ದನೇನೋ, ತನ್ನ ತಪ್ಪು ಮುಚ್ಚಲು ಹಾಗೆ ಹೇಳಿದನೇನೋ ಎಂದು ನೀನೇ ಲೆಕ್ಕ ಹಾಕಿದೆ. ನಾನು ಹ್ಞೂಂ ಅನ್ನಲಿಲ್ಲ, ಉಹ್ಞೂಂ ಅನ್ನಲಿಲ್ಲ. ನಿನ್ನ ತಲೆಗೆ ಎಣ್ಣೆ ಹಚ್ಚುತ್ತಿದ್ದೆ, ಹಚ್ಚುತ್ತಲೇ ಇದ್ದೆ.

ಸಾಕ್ಷಿ ಹೇಳಲು ನನ್ನನ್ನೂ ಕರೆಯಬೇಕೆಂದು ನಮ್ಮ ವಕೀಲರು ಅಂದಿದ್ದರಲ್ಲ, ಆ ದಿನ ಬೆಳಿಗ್ಗೆ ನನಗೆ ಬಿಪಿ ಏರಿ ತಲೆ ತಿರುಗಿತು. ಬಿಪಿ ಏನೂ ಏರಿರಲಿಲ್ಲ. ನೀನು ಕುಂಟುತ್ತ ಬಂದು ನನ್ನ ಹಣೆಗೆ ಒದ್ದೆ ಬಟ್ಟೆ ಇಟ್ಟೆ. ಅವ್ವಾ ನೀನು ಬರುವುದು ಬೇಡ, ನಿನಗಿಂತ ಕೇಸು ದೊಡ್ಡದಲ್ಲ ಅಂದೆ. ಆ ಬಟ್ಟೆಯ ಕೆಳಗೆ ನಾನು ಕಣ್ಣು ಬಿಟ್ಟೇ ಇದ್ದೆ.

ಅಣ್ಣ ಗದಗಿನ ದವಾಖಾನೆಗೆ ಮೊದಲ ವಾರ ಬಂದ. ಆಮೇಲೆ ಅವನ ಫೋನು ಹತ್ತಲಿಲ್ಲ. ಗುರುಪಾದನ ಲಗ್ನವಾಯಿತು, ಗಂಡು ಕೂಸೂ ಹುಟ್ಟಿತು. ಕುಡಿದು ಬಡಿದದ್ದು ಸಾಬೀತಾದರೆ ಕಂಪನಿ ನಿನಗೆ ಕೊಟ್ಟು, ಆಮೇಲೆ ಅಷ್ಟನ್ನೂ ಕಾರಿನ ಮಾಲೀಕನಾದ ಅಣ್ಣನಿಂದ ವಸೂಲಿ ಮಾಡುತ್ತದೆ ಎಂದು ನಮ್ಮ ವಕೀಲರು ಹೇಳಿದಾಗಲೇ ನನಗೆ ತಿಳಿದದ್ದು. ವೈನಿ ಉಡಿ ಒಡ್ಡಿದ್ದು ಮಗನಿಗಾಗಿ, ಅದನ್ನು ಈಗಲೂ ನಂಬುತ್ತೇನೆ. ಅಣ್ಣ ಅವಳ ಹಿಂದೆ ನಿಂತದ್ದು ಹೊಲ ಉಳಿಸಿಕೊಳ್ಳಲು. ಈ ಪಂಚಮಿಗೂ ಅವರ ಮನೆಯಿಂದ ಉಂಡಿಯ ಡಬ್ಬಿ ಬಂತು. ನೀನು ನೋಡಿದರೆ ಬೀದಿಗೆ ಎಸೆಯುತ್ತಿದ್ದೆ. ನಾನು ಎರಡು ತಿಂದೆ. ಶೇಂಗಾದ ಉಂಡಿ, ಚೆನ್ನಾಗಿದ್ದವು. ಎಂಥ ಹೆಂಗಸು ನಾನು ಎಂದು ನಿನಗೆ ಗೊತ್ತಿರಲಿ ಎಂದು ಇದನ್ನೂ ಬರೆದೆ.

ಮೊನ್ನೆ ಗುರುವಾರ ಒಬ್ಬಳೇ ರೋಣಕ್ಕೆ ಹೋಗಿ ವಕೀಲರ ಮುಂದೆ ಎಲ್ಲ ಹೇಳಿದೆ. ಎಲ್ಲಿ ಬೇಕಾದರೂ ಬಂದು ಹೇಳುತ್ತೇನೆ, ಸುಳ್ಳು ಹೇಳಿದ್ದಕ್ಕೆ ಜೇಲಿಗೆ ಹಾಕಿದರೂ ಆಗಲಿ ಅಂದೆ. ಅವರು ಮುಂದಿದ್ದ ಕೇಸಿನ ಫೈಲು ಮುಚ್ಚಿದರು. “ಇಷ್ಟ ದಿನ ಎಲ್ಲಿದ್ರಿ ಅವ್ವಾರ? ಸಾಕ್ಷಿಗೆ ಕರದಾಗ ಹೇಳಿದ್ರ ಏನರ ದಾರಿ ಇತ್ತು. ಈಗ ಹೇಳಿದ್ರ, ಕೇಸ್ ಹ್ವಾದ ಮ್ಯಾಲೆ ಮಗಳ ಸಲುವಾಗಿ ತಾಯಿ ಕಥಿ ಕಟ್ಯಾಳ ಅಂತಾರ್ರಿ” ಅಂದರು. ಧಾರವಾಡಕ್ಕೆ ಅಪೀಲು ಹೋಗಬಹುದು, ಆದರೆ ನಾನು ಆಸೆ ಹಚ್ಚುವುದಿಲ್ಲ ಎಂದೂ ಅಂದರು. ನಾನು ಸುಳ್ಳು ಹೇಳಿದಾಗ ಎಲ್ಲರೂ ನಂಬಿದರು ದೇವಿಕಾ. ಈಗ ನಂಬುವವರಿಲ್ಲ.

ಹಾಗಾಗಿ ನಿನ್ನ ಕಾಲಿಗೆ ಯಾರೂ ಏನೂ ಕೊಡುವುದಿಲ್ಲ. ನೀನು ಮತ್ತೆ ಮಗ್ಗದ ಕುಣಿಗೆ ಇಳಿದು ತುಳಿಯುವುದಿಲ್ಲ. ನರಗುಂದದಲ್ಲಿ ಗೆಳತಿ ನಾಗರತ್ನಾಳ ಮನೆಯ ಹೊರಗಿನ ಕೋಣೆಯಲ್ಲಿದ್ದುಕೊಂಡು ಝೆರಾಕ್ಸ್ ಅಂಗಡಿಯ ಕುರ್ಚಿಯಲ್ಲಿ ದಿನ ದೂಡುತ್ತೀ. ಇದರಲ್ಲಿ ಯಾವುದನ್ನೂ ನಾನು ಸರಿ ಮಾಡಲಾರೆ. ಒಂದೇ ಒಂದು ಉಳಿದಿದೆ. ದುರಗೇಶ ಆ ಮಾತು ಹೇಳಲಿಲ್ಲ, ನಿನ್ನ ಸೋದರಮಾವನ ಮನೆಯ ಒಂದು ಕಪ್ ಚಹಾವನ್ನೂ ಕುಡಿಯಲಿಲ್ಲ, ಆ ದಿನ ಕುಡಿದಿರಲೂ ಇಲ್ಲ. ನೀನು ಬಿಡಬೇಕಾದದ್ದು ಅವನನ್ನಲ್ಲ. ಅವನ ಮುಂದೆ ಹೋಗಿ ನಿಲ್ಲಲು ನನಗೆ ಇನ್ನೂ ಮುಖವಿಲ್ಲ. ಮೊದಲು ನಿನಗೆ ಬರೆದೆ.

ಕ್ಷಮಿಸು ಎಂದು ಬರೆಯುವುದಿಲ್ಲ. ಕಾಲಿಗೆ ರಾತ್ರಿ ಬಿಸಿನೀರಿನ ಶಾಖ ಕೊಡುವುದನ್ನು ಬಿಡಬೇಡ.

ನಿನ್ನನ್ನು ಹೆತ್ತವಳು,
ನೀಲವ್ವ

ತಾ.ಕ. ಬುಧವಾರ ಬರೆಯುತ್ತಿದ್ದೇನೆ. ಪತ್ರ ಅಂಚೆಗೆ ಹಾಕದೆ ಎರಡು ದಿನ ಇಟ್ಟುಕೊಂಡಿದ್ದೆ. ನಿನ್ನೆ ಮನಸ್ಸು ಗಟ್ಟಿ ಮಾಡಿ ಗಜೇಂದ್ರಗಡಕ್ಕೆ ಹೋಗಿದ್ದೆ. ದುರಗೇಶ ಮಗ್ಗದಿಂದ ಎದ್ದು ಬಂದು ನನಗೆ ಚಾಪೆ ಹಾಸಿದ. ನಾನು ಹೇಳಲು ಶುರು ಮಾಡುವುದರೊಳಗೆ ತಡೆದು, “ಗೊತ್ತೈತ್ರಿ ಅತ್ತಿ. ಬಾಜೂ ಕಾಟಿನ ಮ್ಯಾಲೆ ನಾನ ಇದ್ನೆಲ್ರಿ. ಕಣ್ಣ ಮುಚ್ಚಿದ್ದೆ, ಕಿವಿ ಕೇಳ್ತಿದ್ವು” ಅಂದ. ಮತ್ತೆ ಇಷ್ಟು ದಿನ ಯಾಕಪ್ಪ ಬಾಯಿ ಬಿಡಲಿಲ್ಲ ಎಂದು ಕೇಳಿದೆ. “ಆವಾಗ ಆಕಿನ್ನ ಎತ್ತಿ ಕುಂದರಸಾಕ, ಮೈ ತೊಳ್ಯಾಕ ನೀವೊಬ್ರ ಇದ್ರಿ. ನಿಮ್ಮ ಕೈಲೆ ನೀರ ಕುಡ್ಯೂದೂ ಬಿಟ್ಟಿದ್ಲಂದ್ರ ಏನ್ ಮಾಡಬೇಕಿತ್ರಿ?” ಅಂದ. ನಿನ್ನನ್ನು ಕರೆತರುತ್ತೇನೆ, ಎಲ್ಲವನ್ನೂ ಹೇಳಿ ಕರೆತರುತ್ತೇನೆ ಅಂದೆ. ಅವನು ತಲೆ ಅಲ್ಲಾಡಿಸಿದ. “ನೀವು ಹೇಳಿದ್ದಕ್ಕ ನನಗ ಅಷ್ಟ ಸಂಕಟ ಆಗಲಿಲ್ರಿ. ಅದು ನನ್ನ ಮಾತಂತ ಆಕಿ ಹಿಂದ ಮುಂದ ನೋಡದ ಎಷ್ಟ ಲಗೂ ನಂಬಿದ್ಲು” ಅಂದ. ಅವನು ಬಿಡುವ ಕಾಗದಕ್ಕೆ ಹೋದ ವಾರವೇ ಸಹಿ ಹಾಕಿಯಾಗಿದೆಯಂತೆ. ನನ್ನನ್ನು ಬಸ್ಸಿಗೆ ಹತ್ತಿಸಲು ಬಂದವನು ಒಂದೇ ಮಾತು ಕೇಳಿಕೊಂಡ, ದೇವಿಕಾಗೆ ಇದ್ಯಾವುದನ್ನೂ ಹೇಳಬೇಡಿ, ಆಕೆಗೆ ಉಳಿದದ್ದು ನೀವೊಬ್ಬರೇ ಎಂದು.